ಚುಕ್ಕೆ ಮಾಯವಾದರೆ ಮೀನು ಗುಣವಾಯಿತೇ?

"ಮಾಷ್ಟ್ರೇ, ನಮ್ಮ ಟ್ಯಾಂಕಿನ ಕಡಲಮೀನಿಗೆ ಬಿಳಿ ಚುಕ್ಕೆ ಬಂದಿದೆ. ಯಾವ ಮದ್ದು ಹಾಕ್ಬೇಕು?"

ಕಳೆದ ತಿಂಗಳು ಒಂಬತ್ತನೆಯ ತರಗತಿಯ ಹುಡುಗನೊಬ್ಬ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದ. ಗಲ್ಫಿನಿಂದ ಬಂದ ಅವನ ಮಾವ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾರೆ. ನಾನು ಮದ್ದಿನ ಹೆಸರು ಹೇಳಲಿಲ್ಲ. ಎಷ್ಟು ಚುಕ್ಕೆ, ಎಲ್ಲಿ, ಒಂದೇ ಮೀನಿಗೋ ಎಲ್ಲದಕ್ಕೋ, ಎಷ್ಟು ದಿನವಾಯಿತು, ಮೀನು ತಿನ್ನುತ್ತಿದೆಯಾ, ನೀರಿನ ಅಮೋನಿಯಾ ನೋಡಿದ್ದೀಯಾ ಅಂತ ಆರು ಪ್ರಶ್ನೆ ಕೇಳಿದೆ. ಹುಡುಗನ ಮುಖ ಸಪ್ಪೆಯಾಯಿತು. ಮದ್ದು ಕೇಳಿದ್ರೆ ಇವರು ಪರೀಕ್ಷೆ ಮಾಡ್ತಾರಲ್ಲ ಅನಿಸಿರಬೇಕು.

ಹೀಗೆ ಕೇಳುವುದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲವು ವರ್ಷದ ಹಿಂದೆ ನಾನಿದ್ದ ಶಾಲೆಯ ವಿಜ್ಞಾನ ಕೋಣೆಯಲ್ಲಿ ನೂರು ಲೀಟರಿನ ಒಂದು ಉಪ್ಪುನೀರಿನ ಟ್ಯಾಂಕ್ ಇತ್ತು. ಎರಡು ಕ್ಲೌನ್ ಮೀನು, ಒಂದು ನೀಲಿ ಡ್ಯಾಮ್ಸೆಲ್, ಮಕ್ಕಳು ಕಡಲ ಕರೆಯಿಂದ ತಂದ ಒಂದು ಏಡಿ. ಶಂಖದೊಳಗೆ ಮನೆ ಮಾಡುವ ಏಡಿ ಅದು. ಒಂದು ಸೋಮವಾರ ಮೀನುಗಳ ಮೈಮೇಲೆ ಬಿಳಿ ಚುಕ್ಕೆ ಕಂಡಿತು. ನಾನು ಪೇಟೆಯ ಅಂಗಡಿಯಲ್ಲಿ ಕೇಳಿದೆ, ಅವರು ತಾಮ್ರದ ಮದ್ದಿನ ಬಾಟಲಿ ಕೊಟ್ಟರು, ನಾನು ಅದೇ ಟ್ಯಾಂಕಿಗೆ ಹಾಕಿದೆ. ಮರುದಿನ ಏಡಿ ಸತ್ತಿತು. ನಾಲ್ಕನೇ ದಿನ ಚುಕ್ಕೆಗಳೆಲ್ಲ ಮಾಯ! ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ಮದ್ದು ನಿಲ್ಲಿಸಿದೆ. ಹನ್ನೆರಡನೇ ದಿನಕ್ಕೆ ಚುಕ್ಕೆ ಮೊದಲಿನ ಹತ್ತು ಪಟ್ಟು ಬಂತು. ಆ ವಾರ ಮುಗಿಯುವಾಗ ಟ್ಯಾಂಕಿನಲ್ಲಿ ನೀರು ಮಾತ್ರ ಉಳಿದಿತ್ತು.

ಚಪ್ಪಾಳೆ ತಟ್ಟಿದ ಆ ದಿನವೇ ನಮ್ಮ ಸೋಲಿನ ದಿನ. ಯಾಕೆಂದು ಹೇಳುತ್ತೇನೆ.

ಆ ಬಿಳಿ ಚುಕ್ಕೆ ಕಲೆಯಲ್ಲ, ಒಂದು ಜೀವಿ. ನೀವು ಪಾಠದಲ್ಲಿ ಪ್ಯಾರಮೀಸಿಯಂ ಚಿತ್ರ ಬರೆದಿದ್ದೀರಲ್ಲ, ಮೈಯೆಲ್ಲ ಸಣ್ಣ ಸಣ್ಣ ಲೋಮಾಂಗಗಳಿರುವ ಏಕಕೋಶ ಜೀವಿ, ಅದೇ ಗುಂಪಿನದು. ಹೆಸರು ಕ್ರಿಪ್ಟೋಕಾರಿಯಾನ್ ಇರಿಟಾನ್ಸ್. ಜಪಾನಿನಲ್ಲಿ ಸಿಕಾಮಾ ಎಂಬವರು 1937ರಲ್ಲಿ ಇದನ್ನು ವಿವರಿಸಿದ್ದರು. ಈ ಹೆಸರು ಕೊಟ್ಟದ್ದು 1951ರಲ್ಲಿ ಬ್ರೌನ್ ಎಂಬ ವಿಜ್ಞಾನಿ. ಇದು ಮೀನಿನ ಚರ್ಮದ ಮೇಲೆ ಕೂರುವುದಿಲ್ಲ, ಮೇಲ್ಪದರದ ಒಳಗೆ ನುಗ್ಗಿ ಅಲ್ಲಿ ತಿಂದು ದಪ್ಪವಾಗುತ್ತದೆ. ಮೂರರಿಂದ ಏಳು ದಿನ ಮಾತ್ರ. ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಮೀನನ್ನು ಬಿಟ್ಟು ಕೆಳಗೆ ಇಳಿದು ಹೊಯಿಗೆಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿ ಚಿಪ್ಪು ಕಟ್ಟಿಕೊಳ್ಳುತ್ತದೆ. ಆ ಚಿಪ್ಪಿನೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ನೂರಾರು ಮರಿಗಳಾಗಿ ಹೊರಗೆ ಬರುತ್ತವೆ. ಚಿಪ್ಪು ಒಡೆಯಲು ಕನಿಷ್ಠ ಮೂರು ದಿನ ಬೇಕು, ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಒಡೆಯುತ್ತದೆ, ಕೆಲವೊಮ್ಮೆ ಎರಡು ತಿಂಗಳು ದಾಟುವುದೂ ಉಂಟು. ಈಜಾಡುವ ಮರಿಗೆ ಒಂದೆರಡು ದಿನದೊಳಗೆ ಮೀನು ಸಿಗಬೇಕು, ಇಲ್ಲವಾದರೆ ಸಾಯುತ್ತದೆ.

ಈಗ ನನ್ನ ಟ್ಯಾಂಕನ್ನು ನೆನಪಿಸಿಕೊಳ್ಳಿ. ನಾಲ್ಕನೇ ದಿನ ಚುಕ್ಕೆ ಮಾಯವಾದದ್ದು ಮದ್ದಿನಿಂದ ಅಲ್ಲ. ಮದ್ದು ಹಾಕದಿದ್ದರೂ ಆ ದಿನ ಅವು ಉದುರುತ್ತಿದ್ದವು! ತಾಮ್ರಕ್ಕೆ ಚರ್ಮದೊಳಗಿರುವುದನ್ನು ಕೊಲ್ಲಲಾಗದು, ಚಿಪ್ಪಿನೊಳಗಿರುವುದನ್ನೂ ಕೊಲ್ಲಲಾಗದು. ಈಜಾಡುವ ಮರಿ ಮಾತ್ರ ಅದರ ಕೈಗೆ ಸಿಗುತ್ತದೆ. ಹಾಗಾಗಿ ಮದ್ದು ಮೂರು ನಾಲ್ಕು ವಾರ ಒಂದೇ ಪ್ರಮಾಣದಲ್ಲಿ ನೀರಿನಲ್ಲಿ ಇರಬೇಕು. ನಾನು ನಿಲ್ಲಿಸಿದ್ದು ಮರಿಗಳು ಹೊರಗೆ ಬರುವುದಕ್ಕೆ ಸ್ವಲ್ಪ ಮೊದಲು. ಅವು ಬರುವ ಹೊತ್ತಿಗೆ ನೀರಿನಲ್ಲಿ ತಾಮ್ರವೂ ಇರಲಿಲ್ಲ, ಯಾಕೆಂದರೆ ಟ್ಯಾಂಕಿನ ತಳಕ್ಕೆ ನಾನು ಚಿಪ್ಪಿನ ಪುಡಿ ಮತ್ತು ಸುಣ್ಣದ ಕಲ್ಲು ಹಾಸಿದ್ದೆ. ಕ್ಯಾಲ್ಸಿಯಂ ಕಾರ್ಬೊನೇಟ್ ತಾಮ್ರವನ್ನು ಹೀರಿಕೊಳ್ಳುತ್ತದೆ. ಏಡಿಯ ವಿಷಯ ಬೇರೆ. ಏಡಿ, ಸಿಗಡಿ, ಬಸವನ ಹುಳು, ಹವಳ ಇವಕ್ಕೆ ತಾಮ್ರ ವಿಷ, ಮೀನಿಗೆ ತಡೆಯುವ ಪ್ರಮಾಣವೂ ಅವಕ್ಕೆ ತಡೆಯದು. ಸತ್ತ ಏಡಿ ಶಂಖದೊಳಗೆ ಕೊಳೆತು ಅಮೋನಿಯಾ ಏರಿಸಿತು. ಒಟ್ಟಿನಲ್ಲಿ ಆ ಮೀನುಗಳನ್ನು ರೋಗ ಎಷ್ಟು ಕೊಂದಿತೋ ನಾನು ಅಷ್ಟೇ ಕೊಂದೆ.

ಕಾಸರಗೋಡಿನ ಮಕ್ಕಳಿಗೆ ಈ ತಾಮ್ರ ಹೊಸತಲ್ಲ. ಮಳೆಗಾಲ ಹಿಡಿಯುವ ಮೊದಲು ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮದ್ದು ಬಿಡುವುದನ್ನು ನೋಡಿದ್ದೀರಿ. ಮೈಲುತುತ್ತು ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ. ಅದು ಶೇಕಡಾ 1ರ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು. ಮೈಲುತುತ್ತಿನ ತೂಕದಲ್ಲಿ ನಾಲ್ಕನೇ ಒಂದು ಭಾಗ ತಾಮ್ರ ಅಂತ ಇಟ್ಟುಕೊಂಡರೆ ಲೀಟರಿಗೆ ಸುಮಾರು 2500 ಮಿಲಿಗ್ರಾಂ ಆಯಿತು. ಕಡಲಮೀನಿನ ಚಿಕಿತ್ಸೆಯಲ್ಲಿ ಬೇಕಾದದ್ದು ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ. ಭಾಗಿಸಿ ನೋಡಿ, ಹನ್ನೆರಡು ಸಾವಿರ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. 0.2 ದಾಟಿ ತುಸು ಮೇಲೆ ಹೋದರೆ ಮೀನಿಗೇ ತೊಂದರೆ, 0.15ಕ್ಕಿಂತ ಕೆಳಗೆ ಬಂದರೆ ಪರಾವಲಂಬಿಗೆ ಏನೂ ಆಗುವುದಿಲ್ಲ. ಇಷ್ಟು ಸಪೂರ ಸಂಕದ ಮೇಲೆ ನಾನು "ಒಂದು ಮುಚ್ಚಳ ಹಾಕಿ" ಅಂದ ಮಾತನ್ನು ನಂಬಿ ನಡೆದಿದ್ದೆ. ನೂರು ಲೀಟರ್ ಟ್ಯಾಂಕ್ ಅಂದರೆ ನೂರು ಲೀಟರ್ ನೀರೂ ಅಲ್ಲ. ಕಲ್ಲು, ಹೊಯಿಗೆ, ಮೇಲೆ ಬಿಟ್ಟ ಖಾಲಿ ಜಾಗ ಎಲ್ಲ ಕಳೆದರೆ ಎಪ್ಪತ್ತೈದೋ ಎಂಬತ್ತೋ ಇರುತ್ತದೆ. ಆಯತ ಘನದ ಗಾತ್ರ ಕಲಿಸುವ ನಾನೇ ಅದನ್ನು ಲೆಕ್ಕ ಹಾಕಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಒಂದು ರೋಗದ ಬಗ್ಗೆ. ಬಿಳಿ ಚುಕ್ಕೆ ಅಂದಾಕ್ಷಣ ಅದೇ ರೋಗ ಅಂತ ಹೇಳುವ ಹಾಗೂ ಇಲ್ಲ. ನನ್ನ ಜಗಳ ಇರುವುದು ಇಲ್ಲಿಯೇ. ನಮ್ಮ ಕಡೆ ಮೀನು ಸಾಕುವವರಲ್ಲಿ ಹೆಚ್ಚಿನವರು ಲಕ್ಷಣಕ್ಕೆ ಮದ್ದು ಹಾಕುತ್ತಾರೆ, ಕಾರಣಕ್ಕೆ ಅಲ್ಲ. ಜ್ವರ ಅಂದರೆ ಒಂದು ಮಾತ್ರೆ ನುಂಗುವ ಹಾಗೆ.

ನಾನು ಮಕ್ಕಳಿಗೆ ಹೇಳಿಕೊಡುವ ಗುರುತು ಇದು: ರವೆಯೋ, ಹಿಟ್ಟೋ? ಮೀನಿನ ಮೈಮೇಲೆ ರವೆ ಉದುರಿಸಿದ ಹಾಗೆ ಬಿಡಿಬಿಡಿಯಾಗಿ, ಎಣಿಸಲು ಬರುವ ಚುಕ್ಕೆ ಇದ್ದರೆ ಕ್ರಿಪ್ಟೋಕಾರಿಯಾನ್ ಇರಬಹುದು. ನಯವಾದ ಹಿಟ್ಟು ಹಾರಿ ಕೂತ ಹಾಗೆ, ಕೋಣೆ ಕತ್ತಲು ಮಾಡಿ ಬದಿಯಿಂದ ಟಾರ್ಚ್ ಬಿಟ್ಟರೆ ಚಿನ್ನದ ಬಣ್ಣದ ಧೂಳಿನಂತೆ ಕಂಡರೆ ಅದು ಅಮೈಲೋಡಿನಿಯಂ. ಇದನ್ನು ವೆಲ್ವೆಟ್ ರೋಗ ಅನ್ನುತ್ತಾರೆ. ರಾತ್ರಿ ಕಡಲಿನ ತೆರೆ ನೀಲಿಯಾಗಿ ಹೊಳೆಯುವುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು, ನೋಕ್ಟಿಲೂಕ ಎಂಬ ಸೂಕ್ಷ್ಮಜೀವಿಯ ಕೆಲಸ ಅದು. ಆ ಜೀವಿಯ ದೂರದ ನೆಂಟ ಈ ವೆಲ್ವೆಟ್. ಇದು ಮೊದಲು ಕಿವಿರಿಗೆ ಹಿಡಿಯುತ್ತದೆ. ಮೈಮೇಲೆ ಏನೂ ಕಾಣುವ ಮೊದಲೇ ಮೀನು ಏದುಸಿರು ಬಿಡಲು ಶುರು ಮಾಡುತ್ತದೆ, ಎರಡು ಮೂರು ದಿನದಲ್ಲಿ ಇಡೀ ಟ್ಯಾಂಕ್ ಖಾಲಿಯಾಗುವುದುಂಟು. ಮೂರನೆಯದು ಬ್ರೂಕ್ಲಿನೆಲ್ಲಾ, ಕ್ಲೌನ್ ಮೀನಿಗೆ ಹೆಚ್ಚು. ಇದರಲ್ಲಿ ಚುಕ್ಕೆ ಅನ್ನುವುದಕ್ಕಿಂತ ಲೋಳೆಯೇ ಪೊರೆಪೊರೆಯಾಗಿ ಕಳಚಿ ನೇತಾಡುತ್ತದೆ. ಇದಕ್ಕೆ ತಾಮ್ರದಿಂದ ಗುಣವಾಗುತ್ತದೆ ಅಂತ ನಂಬಿ ಕೂರುವ ಹಾಗಿಲ್ಲ. ಫಾರ್ಮಲಿನ್ ಬೇಕಾಗುತ್ತದೆ, ಅದು ಕ್ಯಾನ್ಸರ್ ತರಬಲ್ಲ ರಾಸಾಯನಿಕ, ಮಕ್ಕಳು ಮುಟ್ಟುವ ವಸ್ತುವೇ ಅಲ್ಲ. ನಾಲ್ಕನೆಯದು ವೈರಸ್ಸಿನಿಂದ ಬರುವ ಲಿಂಫೋಸಿಸ್ಟಿಸ್. ಈಜುರೆಕ್ಕೆಯ ಅಂಚಿನಲ್ಲಿ ಹೂಕೋಸಿನ ತುಣುಕಿನ ಹಾಗೆ ಒಂದು ಗಂಟು. ಅದಕ್ಕೆ ಮದ್ದೇ ಇಲ್ಲ, ಬೇಕಾಗುವುದೂ ಇಲ್ಲ. ನೀರು ಚೆನ್ನಾಗಿದ್ದು ಮೀನು ತಿನ್ನುತ್ತಿದ್ದರೆ ವಾರಗಳೋ ತಿಂಗಳುಗಳೋ ಕಳೆದು ತಾನೇ ಹೋಗುತ್ತದೆ.

ನೋಡಿ, ನಾಲ್ಕೂ "ಬಿಳಿ". ಒಂದಕ್ಕೆ ಸಮಯ ಇದೆ, ಒಂದಕ್ಕೆ ಇಲ್ಲ. ಒಂದಕ್ಕೆ ತಾಮ್ರ ನಾಟುತ್ತದೆ, ಒಂದಕ್ಕೆ ನಾಟದು, ಇನ್ನೊಂದಕ್ಕೆ ಸುಮ್ಮನಿರುವುದೇ ಚಿಕಿತ್ಸೆ.

ಇನ್ನು ಏದುಸಿರಿನ ವಿಷಯ. ಎಲ್ಲ ಮೀನೂ ಒಂದೇ ದಿನ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ಸಂಶಯಪಡಬೇಕಾದದ್ದು ನೀರನ್ನು. ರೋಗ ಸಾಮಾನ್ಯವಾಗಿ ಒಂದರಿಂದ ಒಂದಕ್ಕೆ ಹೋಗುತ್ತದೆ, ಕೆಟ್ಟ ನೀರು ಎಲ್ಲರನ್ನೂ ಒಟ್ಟಿಗೆ ಹಿಡಿಯುತ್ತದೆ. ಉಪ್ಪುನೀರಿನಲ್ಲಿ ಸಿಹಿನೀರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ ಆಮ್ಲಜನಕ ಕರಗಿರುತ್ತದೆ, ಏಪ್ರಿಲ್ ಸೆಕೆಗೆ ಇನ್ನೂ ಕಡಿಮೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಕಡಲನೀರಿನಲ್ಲಿ ಹೆಚ್ಚು ವಿಷ, ಯಾಕೆಂದರೆ ಕಡಲನೀರಿನ ಪಿಎಚ್ 8.2ರ ಆಸುಪಾಸು. ಪಿಎಚ್ 7 ಇರುವ ನೀರಿಗೆ ಹೋಲಿಸಿದರೆ ಇಲ್ಲಿ ಅಮೋನಿಯಾದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟು. ಹೊಸ ಟ್ಯಾಂಕಿನಲ್ಲಿ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ? ಭಾನುವಾರ ಟ್ಯಾಂಕ್, ಸೋಮವಾರ ಮೀನು, ಶುಕ್ರವಾರ ಮದ್ದಿನಂಗಡಿ.

ಉಪ್ಪಿನ ವಿಷಯದಲ್ಲೂ ಒಂದು ಎಡವಟ್ಟು ಆಗುತ್ತಿರುತ್ತದೆ. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. (ಜತ್ತ, ಅಕ್ಕಲಕೋಟೆ, ತಾಳವಾಡಿ ಕಡೆಯ ಮಕ್ಕಳಿಗೆ ಕಡಲು ದೂರ; ನೀವು ಒಂದು ಲೀಟರ್ ನೀರಿಗೆ ಏಳು ಚಮಚದಷ್ಟು ಉಪ್ಪು ಕದಡಿ ನಾಲಗೆಯ ತುದಿಗೆ ಮುಟ್ಟಿಸಿ ನೋಡಿ, ಆ ರುಚಿ. ಅಕ್ವೇರಿಯಂಗೆ ಮಾತ್ರ ಅಡುಗೆ ಉಪ್ಪು ಆಗದು.) ಬಿಸಿಲಿಗೆ ನೀರು ಆವಿಯಾದಾಗ ಉಪ್ಪು ಹಾರುವುದಿಲ್ಲ, ಅಲ್ವಾ? ಹಾಗಾದರೆ ಕಡಿಮೆಯಾದಷ್ಟಕ್ಕೆ ಸಿಹಿನೀರು ಹಾಕಬೇಕು. ಉಪ್ಪುನೀರಿನ ಮೀನು ಅಂತ ಮತ್ತೆ ಮತ್ತೆ ಕಡಲನೀರನ್ನೇ ತುಂಬಿಸಿ ಟ್ಯಾಂಕನ್ನು ಉಪ್ಪಿನಕಾಯಿ ಭರಣಿ ಮಾಡಿದವರನ್ನು ನಾನು ಬಲ್ಲೆ. ಹೈಡ್ರೋಮೀಟರ್ ಹಾಕಿದರೆ 1.025ರ ಹತ್ತಿರ ಇರಬೇಕು.

ಕಡಲಮೀನಿನ ವಿಷಯದಲ್ಲಿ ಇಷ್ಟು ಹಟ ಯಾಕೆ ಅಂದರೆ, ಅದು ನೀರು ಕುಡಿಯುವ ಮೀನು. ಕೆರೆಯ ಮೀನಿನ ಮೈಯೊಳಗೆ ಹೊರಗಿನ ನೀರಿಗಿಂತ ಉಪ್ಪು ಹೆಚ್ಚು, ಹಾಗಾಗಿ ನೀರು ತಾನಾಗಿ ಒಳಗೆ ಬರುತ್ತದೆ, ಅದು ಕುಡಿಯಬೇಕಾಗಿಲ್ಲ. ಕಡಲಮೀನಿನ ರಕ್ತದ ಉಪ್ಪು ಕಡಲಿನ ಮೂರನೇ ಒಂದು ಭಾಗದಷ್ಟು ಮಾತ್ರ. ಕಿವಿರಿನ ಮೂಲಕ ನೀರು ಹೊರಗೆ ಹೋಗುತ್ತಲೇ ಇರುತ್ತದೆ, ಆ ನಷ್ಟ ತುಂಬಲು ಮೀನು ಕುಡಿಯುತ್ತಲೇ ಇರಬೇಕು, ಹೆಚ್ಚಾದ ಉಪ್ಪನ್ನು ಕಿವಿರಿನಿಂದ ಹೊರಗೆ ಹಾಕಬೇಕು. ನೀವು ಟ್ಯಾಂಕಿಗೆ ಸುರಿದದ್ದೆಲ್ಲ ಅದರ ಹೊಟ್ಟೆಗೂ ಹೋಗುತ್ತದೆ. ಗೊತ್ತಿಲ್ಲದ ಮದ್ದು ಸುರಿಯುವುದು ಅಂದರೆ ಗೊತ್ತಿಲ್ಲದ ಮದ್ದು ಕುಡಿಸುವುದು.

ಸಿಹಿನೀರಿನ ಮೀನಿಗೆ ಬಿಳಿ ಚುಕ್ಕೆ ಬಂದರೆ ಉಪ್ಪು ಹಾಕುತ್ತಾರೆ, ಅದು ಸರಿ. ಆದರೆ ಅಲ್ಲಿಯ ಪರಾವಲಂಬಿ ಬೇರೆ, ಇಕ್ತಿಯೋಫ್ತಿರಿಯಸ್ ಅಂತ. ಹೆಸರು ಒಂದೇ "ಬಿಳಿ ಚುಕ್ಕೆ" ಆದ ಮಾತ್ರಕ್ಕೆ ಕಡಲಮೀನಿಗೂ ಉಪ್ಪು ಹೆಚ್ಚಿಸಿದರೆ? ಆ ಪರಾವಲಂಬಿ ಹುಟ್ಟಿದ್ದೇ ಉಪ್ಪಿನಲ್ಲಿ.

ಎಲ್ಲಕ್ಕಿಂತ ಸಿಟ್ಟು ಬರುವುದು ಆಂಟಿಬಯೋಟಿಕ್ ವಿಷಯದಲ್ಲಿ. ಮನುಷ್ಯರ ಮಾತ್ರೆ ಪುಡಿ ಮಾಡಿ ಟ್ಯಾಂಕಿಗೆ ಹಾಕುವವರಿದ್ದಾರೆ. ಮೇಲೆ ಹೇಳಿದ ನಾಲ್ಕರಲ್ಲಿ ಒಂದೂ ಬ್ಯಾಕ್ಟೀರಿಯಾ ಅಲ್ಲ. ಮಾತ್ರೆ ಕೊಲ್ಲುವುದು ಫಿಲ್ಟರಿನಲ್ಲಿರುವ ನಮ್ಮ ಉಪಕಾರಿ ಬ್ಯಾಕ್ಟೀರಿಯಾವನ್ನು. ಆಮೇಲೆ ಆ ನೀರು ಚರಂಡಿಗೆ, ಚರಂಡಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ. ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಹುಟ್ಟುವುದು ಹೀಗೆ ಅರೆಬರೆ ಮದ್ದು ಸಿಕ್ಕಿದ ಕಡೆಯಲ್ಲಿಯೇ. ಸಿಗಡಿ, ಮೀನು ಸಾಕಣೆಯಲ್ಲಿ ಕ್ಲೋರಾಂಫೆನಿಕಾಲ್‌ನಂತಹ ಆಂಟಿಬಯೋಟಿಕ್‌ಗಳನ್ನು ನಮ್ಮ ದೇಶ ನಿಷೇಧಿಸಿದೆ. ಮನೆಯ ಟ್ಯಾಂಕಿಗೆ ಬಂದು ನೋಡುವವರು ಯಾರೂ ಇಲ್ಲ ಅಂತ ಅದು ಸರಿಯಾಗುತ್ತದೆಯೇ?

ಹಾಗಾದರೆ ಏನು ಮಾಡಬೇಕು? ಶಾಲೆಗಳ ಮಟ್ಟಿಗೆ ನನ್ನ ಅಭಿಪ್ರಾಯ ಕಟುವಾಗಿಯೇ ಇದೆ. ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟ ಸೂಕ್ಷ್ಮದರ್ಶಕವನ್ನು ಹೊರಗೆ ತೆಗೆಯಲು ತಯಾರಿಲ್ಲದ ಶಾಲೆ ಕಡಲಮೀನು ಇಡಬಾರದು. ಈಗಷ್ಟೇ ಸತ್ತ ಮೀನಿನ ಕಿವಿರಿನಿಂದ ಚೂರು ಲೋಳೆ ಗಾಜಿನ ಪಟ್ಟಿಗೆ ಸವರಿ, ಒಂದು ಹನಿ ಟ್ಯಾಂಕಿನ ನೀರು ಹಾಕಿ, ನೂರು ಪಟ್ಟು ದೊಡ್ಡದು ಮಾಡಿ ನೋಡಿದರೆ ಸಾಕು. ಗುಂಡಗೆ, ನಿಧಾನಕ್ಕೆ ಉರುಳುತ್ತಿದ್ದರೆ ಕ್ರಿಪ್ಟೋಕಾರಿಯಾನ್. ಅಲ್ಲಾಡದೆ ಕಪ್ಪಗೆ ಚೀಲದ ಹಾಗೆ ಅಂಟಿಕೊಂಡಿದ್ದರೆ ವೆಲ್ವೆಟ್. ಹುರುಳಿಕಾಳಿನ ಆಕಾರದಲ್ಲಿ ಸರಸರ ಓಡುತ್ತಿದ್ದರೆ ಬ್ರೂಕ್ಲಿನೆಲ್ಲಾ. ಸತ್ತು ಅರ್ಧ ದಿನವಾದ ಮೀನಿನಲ್ಲಿ ನೋಡಿ ಪ್ರಯೋಜನವಿಲ್ಲ, ಪರಾವಲಂಬಿಗಳು ಬಿಟ್ಟು ಹೋಗಿರುತ್ತವೆ. ಗೊತ್ತಾಗದಿದ್ದರೆ ಕೇಳಲು ಜಾಗವಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ಇದೆ, ಕಾಸರಗೋಡಿನಿಂದ ಒಂದು ಬಸ್ಸಿನ ದೂರ.

ಎರಡನೆಯದಾಗಿ, ಹೊಸ ಮೀನನ್ನು ನೇರ ದೊಡ್ಡ ಟ್ಯಾಂಕಿಗೆ ಬಿಡಲೇಬಾರದು. ನಲವತ್ತು ಲೀಟರಿನ ಒಂದು ಪ್ಲಾಸ್ಟಿಕ್ ತೊಟ್ಟಿ, ಸ್ಪಂಜಿನ ಫಿಲ್ಟರ್, ಅಡಗಲು ಪೈಪಿನ ತುಂಡು, ತಳದಲ್ಲಿ ಹೊಯಿಗೆ ಇಲ್ಲ. ಒಂದು ತಿಂಗಳು ಅದರಲ್ಲಿ ಇರಲಿ. ರೋಗ ಬಂದರೆ ಚಿಕಿತ್ಸೆಯೂ ಅಲ್ಲಿಯೇ, ದೊಡ್ಡ ಟ್ಯಾಂಕಿನಲ್ಲಿ ಅಲ್ಲ. ಕ್ರಿಪ್ಟೋಕಾರಿಯಾನ್‌ಗೆ ಮದ್ದೇ ಇಲ್ಲದ ಒಂದು ಉಪಾಯವೂ ಇದೆ, ನನಗೆ ಬಹಳ ಇಷ್ಟವಾದದ್ದು. ಚಿಪ್ಪು ಒಡೆಯಲು ಕನಿಷ್ಠ ಮೂರು ದಿನ ಬೇಕು ಅಂದೆನಲ್ಲ? ಎರಡು ತೊಟ್ಟಿ ಇಟ್ಟುಕೊಂಡು, ಮೂರು ದಿನ ತುಂಬುವ ಮೊದಲು ಮೀನನ್ನು ಹೊಸ ನೀರಿರುವ ಶುದ್ಧ ತೊಟ್ಟಿಗೆ ಬದಲಿಸುವುದು, ಹಳೆಯದನ್ನು ಚೆಲ್ಲಿ ತೊಳೆದು ಬಿಸಿಲಿಗೆ ಪೂರ್ತಿ ಒಣಗಿಸುವುದು. ಹೀಗೆ ನಾಲ್ಕು ಸಲ. ಉದುರಿದವು ಹಿಂದೆಯೇ ಉಳಿಯುತ್ತವೆ, ಮರಿಗಳು ಹೊರಬರುವಾಗ ಮೀನು ಅಲ್ಲಿ ಇರುವುದಿಲ್ಲ. ಜೀವನಚಕ್ರದ ಚಿತ್ರವನ್ನು ಅಂಕಕ್ಕಾಗಿ ಬರೆಯುವವರು ಒಮ್ಮೆ ಇದನ್ನು ಯೋಚಿಸಿ. ಆಟಿ ತಿಂಗಳಲ್ಲಿ ಮಾತ್ರ ತೊಟ್ಟಿ ಒಣಗುವುದಿಲ್ಲ, ಮೂರನೆಯದೊಂದು ತೊಟ್ಟಿ ಬೇಕು! ಅಷ್ಟರಲ್ಲಿ ದೊಡ್ಡ ಟ್ಯಾಂಕ್ ಮೀನಿಲ್ಲದೆ ಎರಡೂವರೆ ತಿಂಗಳು ಖಾಲಿ ಇದ್ದರೆ ಅಲ್ಲಿಯ ಚಿಪ್ಪುಗಳ ಮರಿಗಳೂ ಹಸಿದು ಸಾಯುತ್ತವೆ.

ಸಹೋದ್ಯೋಗಿಯೊಬ್ಬರು ನನ್ನನ್ನು ಕೇಳಿದರು, "ಒಂದು ಮೀನಿಗಿಂತ ನಿಮ್ಮ ಪರೀಕ್ಷೆಯ ಕಿಟ್‌ಗೇ ದುಡ್ಡು ಜಾಸ್ತಿ ಮಾರಾಯ್ರೇ, ಸತ್ತರೆ ಇನ್ನೊಂದು ತಂದರೆ ಆಗದಾ?" ಮಾತು ಪ್ರಾಮಾಣಿಕವಾದದ್ದೇ, ಶಾಲೆಯ ಹಣದ ಕಷ್ಟ ನನಗೂ ಗೊತ್ತು. ಆದರೆ ಚೆನ್ನಾಗಿ ಸಾಕಿದರೆ ಕ್ಲೌನ್ ಮೀನು ಹತ್ತು ವರ್ಷಕ್ಕಿಂತ ಹೆಚ್ಚು ಬದುಕುತ್ತದೆ, ಐದನೇ ತರಗತಿಗೆ ಬಂದ ಮಗು ಕಾಲೇಜು ಮುಗಿಸುವ ತನಕ. ಕ್ಲೌನ್ ಮೀನನ್ನಾದರೂ ತೊಟ್ಟಿಯಲ್ಲಿ ಮರಿ ಮಾಡಿಸುವ ವಿದ್ಯೆಯನ್ನು ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳೆಸಿದ್ದಾರೆ. ಅಂಗಡಿಯಲ್ಲಿರುವ ಉಳಿದ ಬಣ್ಣದ ಮೀನುಗಳಲ್ಲಿ ಬಹಳಷ್ಟು ಹವಳದ ದಿಬ್ಬದಿಂದ ಹಿಡಿದು ತಂದವು. ಅಲ್ಲಿಂದ ತೆಗೆದು ನಮ್ಮ ಅವಸರಕ್ಕೆ ಬಲಿ ಕೊಡುವುದಕ್ಕೆ "ಇನ್ನೊಂದು ತಂದರೆ ಆಯಿತು" ಅನ್ನುವುದು ನನ್ನಿಂದಾಗದು. ಕಿಟ್‌ಗೆ ಹಣವಿಲ್ಲದಿದ್ದರೆ ಗಪ್ಪಿ ಸಾಕೋಣ, ಅದರಲ್ಲೂ ಕಲಿಯಲು ಬೇಕಾದಷ್ಟಿದೆ.

ಆ ಹುಡುಗ ಸೋಮವಾರ ನೋಟ್‌ಬುಕ್ಕಿನ ಹಾಳೆಯೊಂದನ್ನು ಹಿಡಿದು ಬಂದ. ಮೀನಿನ ಚಿತ್ರ ಬರೆದಿದ್ದ. ಚುಕ್ಕೆ ಒಂದೇ, ಬೆನ್ನಿನ ರೆಕ್ಕೆಯ ಅಂಚಿನಲ್ಲಿ, ಒರಟು ಗಂಟಿನ ಹಾಗೆ. ಐದು ದಿನದಿಂದ ಅಲ್ಲಿಯೇ ಇದೆ, ಬೇರೆ ಮೀನಿಗೆ ಇಲ್ಲ, ತಿನ್ನುತ್ತಿದೆ, ಅಮೋನಿಯಾ ಸೊನ್ನೆ, ಹೈಡ್ರೋಮೀಟರ್ 1.030. ಕೊನೆಯ ಅಂಕಿಯ ಕೆಳಗೆ ತಾನೇ ಗೆರೆ ಎಳೆದಿದ್ದ. "ಮಾವ ಕಡಲನೀರೇ ತುಂಬಿಸ್ತಾ ಇದ್ರು ಮಾಷ್ಟ್ರೇ" ಅಂದ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಸಿಹಿನೀರು ಸೇರಿಸಲು ಹೇಳಿದೆ. ಮದ್ದು ಹಾಕಲಿಲ್ಲ. ಮೊನ್ನೆ ಕೇಳಿದಾಗ ಹೈಡ್ರೋಮೀಟರ್ 1.026ಕ್ಕೆ ಇಳಿದಿತ್ತು. ಗಂಟು ಇನ್ನೂ ಇದೆಯಂತೆ, ಸ್ವಲ್ಪ ಸಣ್ಣದಾದ ಹಾಗೆ ಕಾಣುತ್ತದಂತೆ. ಸ್ಕೇಲ್ ಹಿಡಿದು ಗಾಜಿನ ಹೊರಗಿನಿಂದ ವಾರಕ್ಕೊಮ್ಮೆ ಅಳೆಯುತ್ತಿದ್ದಾನೆ.